ಮೇಲ್ಮನೆ ಸ್ವಾಮಿಗಳ ಅಂಗೈ

ಜೂನ್ ೪

ಇವತ್ತು ಹಾಲಿನಂಗಡಿಯವನೂ ನನ್ನ ಜೊತೆ ಕಿರುಚಿ ಮಾತಾಡಿದ. "ಅರ್ಧ ಲೀಟರಾ ಸಾರ್, ಒಂದಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಬೆರಳಲ್ಲೂ ತೋರಿಸಿದ. ಹೋಗಿದ್ದು ಗಂಟಲು, ಕಿವಿಯಲ್ಲ ಎಂದು ಹೇಳುವುದು ಹೇಗೆ? ಹೇಳಲು ಬಂದಿದ್ದರೆ ಅವನು ಕೂಗುತ್ತಲೇ ಇರಲಿಲ್ಲ.

ಈ ವರ್ಷದ ಆರಂಭದವರೆಗೂ ಅವನ ಅಂಗಡಿಯ ರೇಡಿಯೋದಲ್ಲಿ ಬೆಳಗಿನ ವಾರ್ತೆ ಓದುತ್ತಿದ್ದವನು ನಾನು. ನನ್ನ ಮುಖ ಯಾರಿಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಬಾಯಿಬಿಟ್ಟು ಟಿಕೆಟ್ ಕೇಳಿದರೆ ಸಾಕು, ಮುಂದಿನ ಸೀಟಿನವರು ತಿರುಗಿ "ನೀವು ವಾರ್ತೆಯವರಲ್ವಾ?" ಎನ್ನುತ್ತಿದ್ದರು. ಆಮೇಲೆ ಗಂಟಲಲ್ಲಿ ಗಡ್ಡೆ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕುತ್ತಿಗೆಯಲ್ಲೊಂದು ತೂತು, ಅದರ ಮೇಲೆ ತೆಳ್ಳನೆಯ ಹತ್ತಿಬಟ್ಟೆ. ಉಸಿರಾಟ ಅಲ್ಲಿಂದಲೇ. ಮೂಗು ಬರೀ ಶೋಭೆಗೆ. ವಾಸನೆ ಕೂಡ ತಿಳಿಯುವುದಿಲ್ಲ.

ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಡಾಕ್ಟರು ಕೊಟ್ಟರು. ಒಮ್ಮೆ ಹಿಡಿದು ನನ್ನ ಹೆಸರು ಹೇಳಿಕೊಂಡೆ. ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿ ನನ್ನ ಹೆಸರು ಹೇಳಿದ ಹಾಗಿತ್ತು. ಕಪಾಟಿಗೆ ಹಾಕಿ ಬಾಗಿಲು ಮುಚ್ಚಿದೆ.

ಬರೆದುಕೊಳ್ಳಿ, ಮನಸ್ಸು ಹಗುರಾಗುತ್ತೆ ಎಂದು ಹೆಂಡತಿ ಹೇಳಿದಳು. ಬರೆದೆ. ಆಗಲಿಲ್ಲ.

ಜೂನ್ ೭

ಅಕ್ಕನ ಫೋನು. ಇವಳು ಎತ್ತಿಕೊಂಡು, ನನಗೂ ಕೇಳಲಿ ಎಂದು ಮೇಜಿನ ಮೇಲಿಟ್ಟಳು.

ಅಮ್ಮ ಇರುವುದು ಅಕ್ಕನ ಮನೆಯಲ್ಲಿ, ಇಲ್ಲಿಂದ ಅರ್ಧ ದಿನದ ಬಸ್ಸು. ಪಾರ್ಶ್ವವಾಯು ಬಡಿದಾಗಿನಿಂದ ಹಾಸಿಗೆಯೇ ಗತಿ. ಕಣ್ಣೂ ಮಂಜು. ನನಗೆ ಆಪರೇಷನ್ ಆದದ್ದನ್ನು ಅವಳಿಗೆ ತಿಳಿಸಿಲ್ಲ. ಹಳೆಯ ವಾರ್ತೆಗಳ ಧ್ವನಿಮುದ್ರಣವನ್ನು ನಮ್ಮ ಆಫೀಸಿನವರಿಂದ ತರಿಸಿ ಅಕ್ಕನಿಗೆ ಕಳಿಸಿದ್ದೆ. ಅವಳು ಅದನ್ನೇ ರೇಡಿಯೋ ಎಂದು ದಿನಾ ಬೆಳಿಗ್ಗೆ ಹಾಕುತ್ತಾಳೆ. ಎಂದೋ ಉದ್ಘಾಟನೆಯಾದ ಸೇತುವೆ ಆ ಮನೆಯಲ್ಲಿ ವಾರ ವಾರವೂ ಉದ್ಘಾಟನೆಯಾಗುತ್ತದೆ. ಅಮ್ಮನಿಗೆ ಸೇತುವೆ ಬೇಕಿಲ್ಲ. "ಚೆನ್ನಾಗಿದಾನೆ ನನ್ನ ಮಗ" ಎಂದು ಮಗ್ಗುಲಾಗುತ್ತಾಳಂತೆ.

"ಒಂದ್ಸಲ ಬಂದು ಹೋಗೋ ತಮ್ಮಾ," ಎಂದಳು ಅಕ್ಕ. "ಎಷ್ಟು ದಿನ ಅಂತ ನಾನು ಸುಳ್ಳು ಪೋಣಿಸ್ತಾ ಕೂರಲಿ? ದನಿ ಬರುತ್ತೆ, ಮಗ ಬರಲ್ಲ ಅಂತ ಅಳ್ತಾಳೆ."

ಸ್ಲೇಟಿನ ಮೇಲೆ "ಕೆಲಸದ ಒತ್ತಡ ಎಂದು ಹೇಳು" ಎಂದು ಬರೆದು ಇವಳ ಮುಂದೆ ಹಿಡಿದೆ.

ಇವಳು ಓದಿ, ಕನ್ನಡಕ ತೆಗೆದಳು. "ಅದನ್ನ ನಾನು ಹೇಳಲ್ಲ ರೀ. ಬೇಕಾದ್ರೆ ನೀವೇ ಹೇಳಿ."

ಎಂಥ ಮಾತು ಬಂದುಹೋಯಿತು ಎಂದು ತಿಳಿದಾಗ ಅವಳೇ ಒಳಗೆ ಹೋದಳು. ಊಟದ ಹೊತ್ತಿನವರೆಗೂ ಮನೆಯಲ್ಲಿ ಇಬ್ಬರು ಮೂಗರು.

ಜೂನ್ ೧೩

ಭಾವಮೈದುನ ಬಿಡಲಿಲ್ಲ. ಅವನು ಕಾರು ಓಡಿಸುವುದನ್ನು ಕಲಿಸುವವನು; ಪಕ್ಕದಲ್ಲಿ ಕೂತವರಿಗೆ ಬ್ರೇಕು ಹಾಕಲು ಬಿಡುವ ಪೈಕಿಯವನಲ್ಲ. "ಮೇಲ್ಮನೆ ಸ್ವಾಮಿಗಳ ಹತ್ರ ಒಂದ್ಸಲ ಬನ್ನಿ ಭಾವ," ಎಂದ. "ಮೇಲ್ಮನೆ ಅಂದ್ರೆ ಶಾಸಕರಲ್ಲ. ಬ್ಯಾಟರಿ ಅಂಗಡಿ ಮೇಲಿನ ಮನೆ."

ಕಡಿದಾದ ಮೆಟ್ಟಿಲು. ಮೇಲೆ ಒಂದೇ ಕೋಣೆ. ಚಾಪೆ, ನೀರಿನ ಹೂಜಿ, ತಂತಿಯ ಮೇಲೆ ಒಣಗುತ್ತಿದ್ದ ಕಾವಿಬಟ್ಟೆ, ಕಿಟಕಿಯಾಚೆ ತಗಡಿನ ಛಾವಣಿಗಳು. ಸ್ವಾಮಿಗಳು ಗೋಡೆಗೊರಗಿ ಕೂತಿದ್ದರು. ತುಂಬಾ ಮುದುಕರು. ಎರಡೂ ಕಣ್ಣು ಕಾಣುವುದಿಲ್ಲ.

"ಸ್ವಾಮೀಜಿ, ಇವರು ನಮ್ಮ ಭಾವ," ಎಂದ ಇವನು. "ಇವರ ದನಿ ನೀವು ಕೇಳೇ ಇರ್ತೀರಿ. ರೇಡಿಯೋ ವಾರ್ತೆ..."

"ಇಲ್ಲಪ್ಪ. ನನ್ನ ಹತ್ರ ರೇಡಿಯೋ ಯಾವತ್ತೂ ಇರಲಿಲ್ಲ."

"ದೊಡ್ಡ ಹೆಸರು ಸ್ವಾಮೀಜಿ!"

"ಇರಬಹುದು. ನಾನು ಕೇಳಿಲ್ಲ."

ಇಷ್ಟು ಸರಳವಾಗಿ ನನಗೆ ಯಾರೂ ಅವಮಾನ ಮಾಡಿರಲಿಲ್ಲ. ಏಳೋಣ ಎನ್ನುವಷ್ಟರಲ್ಲಿ ಅವರು ಬಲಗೈ ಚಾಚಿದರು. "ಬೆರಳಲ್ಲಿ ಬರಿ, ಅಂಗೈ ಮೇಲೆ. ಒಂದೊಂದೇ ಅಕ್ಷರ. ಒತ್ತಕ್ಷರ ಬಂದ್ರೆ ಸ್ವಲ್ಪ ನಿಧಾನ."

"ದನಿ ಹೋಯಿತು" ಎಂದು ಬರೆದೆ.

"ಯಾರದು?"

"ನನ್ನದು."

"ಸರಿ. ಹೋಗಿದ್ದು ಏನು ಅಂತ ಹೇಳಿದೆ. ಅದು ಯಾರದೋ, ಅವನು ಯಾರು?"

ಹೆಸರು ಬರೆಯಲು ಹೋದೆ. ಅವರು ಕೇಳಿರದ ಹೆಸರು. ಕೈ ಹಿಂದಕ್ಕೆ ತೆಗೆದುಕೊಂಡೆ.

ಜೂನ್ ೧೪

ಮಾತಿನ ಚಮತ್ಕಾರ. ಗಂಟಲು ಇರುವವರು ಆಡುವ ಆಟ. ಇನ್ನು ಹೋಗುವುದಿಲ್ಲ.

ಜೂನ್ ೧೯

ಹೋದೆ. ಯಾಕೆಂದು ಯೋಚಿಸಿದರೆ ಕಾರಣ ಸಣ್ಣದು. ಆಪರೇಷನ್ ಆದಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾದವರು ಅವರೊಬ್ಬರೇ. ಉಳಿದವರು ಕೇಳುತ್ತಾರೆ, ಸ್ಲೇಟು ಕೈಗೆತ್ತಿಕೊಳ್ಳುವಷ್ಟರಲ್ಲಿ ತಾವೇ ಉತ್ತರ ಹೇಳಿಕೊಂಡು ತಲೆಯಾಡಿಸುತ್ತಾರೆ.

ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದೆ. "ಓ, ಸಿಟ್ಟು ಮಾಡ್ಕೊಂಡು ಹೋದವನೋ. ಬಾ," ಎಂದರು.

ಇವತ್ತು ಮನಸ್ಸಿನಲ್ಲಿದ್ದುದೆಲ್ಲ ಸುರಿದುಬಿಡಬೇಕೆಂದು ಶುರು ಮಾಡಿದೆ. ಕೆಲಸ ಹೋದದ್ದು, ಜನ ಮರೆತದ್ದು, ಕನ್ನಡಿಯಲ್ಲಿ ಕಾಣುವವನು ಯಾರೋ ಅನ್ನಿಸುವುದು. ಸ್ವಲ್ಪ ಹೊತ್ತಿಗೆ ಅವರ ಕೈ ನಡುಗತೊಡಗಿತು. ನೋಡಿದರೆ ನಗುತ್ತಿದ್ದಾರೆ.

"ಇಷ್ಟುದ್ದ ಬರೆದ್ರೆ ಕಚಗುಳಿ ಆಗುತ್ತಪ್ಪ. ಚಿಕ್ಕದು ಮಾಡು."

ಚಿಕ್ಕದು ಮಾಡಿದೆ. ಇನ್ನೂ ಚಿಕ್ಕದು ಎಂದರು. ಇಡೀ ಜೀವಮಾನ ಇಷ್ಟು ನಿಮಿಷದಲ್ಲಿ ಇಷ್ಟು ಸುದ್ದಿ ಎಂದು ಕತ್ತರಿಸಿದವನು ನಾನು. ಆದರೂ ನನ್ನದೇ ಸುದ್ದಿಯನ್ನು ಕತ್ತರಿಸುವುದು ಕಷ್ಟವಾಯಿತು. ಕೊನೆಗೆ ಉಳಿದದ್ದು ಎರಡು ಅಕ್ಷರ: "ಭಯ."

ಅವರು ಅಂಗೈ ಮುಚ್ಚಿದರು. "ಹೂಂ. ಇದು ನಿಜ," ಎಂದರು. ನನ್ನ ಪಕ್ಕದಲ್ಲಿ ಯಾರೋ ಭಾರ ಇಳಿಸಿಟ್ಟು ಕೂತ ಹಾಗಾಯಿತು.

ಹೊರಡುವಾಗ ಒಂದು ಕೆಲಸ ಕೊಟ್ಟರು. "ಯಾರಾದ್ರೂ ನಿನ್ನನ್ನ ಕರೆದ್ರೆ, ತಿರುಗೋಕೆ ಮುಂಚೆ ಒಂದು ಗಳಿಗೆ ನಿಲ್ಲು. ತಿರುಗೋಕೆ ಹೊರಟಿದ್ದು ಯಾರು ಅಂತ ನೋಡು. ಉತ್ತರ ತಂದು ನನಗೆ ಒಪ್ಪಿಸಬೇಡ. ನೋಡು, ಅಷ್ಟೆ."

ಜೂನ್ ೨೮

ನಿಂತು ನೋಡಿದ್ದಕ್ಕೆ ಸಿಕ್ಕಿದ ಫಲ: ತರಕಾರಿಯವಳು ಕರೆದು ಕರೆದು ಸಾಕಾಗಿ, "ಪಾಪ, ಕಿವೀನೂ ಹೋಯ್ತಾ?" ಎಂದಳು.

ಏನೂ ಕಾಣುವುದಿಲ್ಲ. ಕರೆದಾಗ ಮೊದಲು ಎದೆಯಲ್ಲಿ ಏನೋ ಎದ್ದು ನಿಲ್ಲುತ್ತದೆ. ಮುಖ ಸರಿಮಾಡಿಕೊಳ್ಳುತ್ತದೆ. ಗಂಟಲು ಸರಿಪಡಿಸಿಕೊಳ್ಳಲು ಹೋಗಿ, ಗಂಟಲಿಲ್ಲ ಎಂದು ತಿಳಿದು ಕುಸಿಯುತ್ತದೆ. ಪ್ರತಿಸಲವೂ ಹೊಸದಾಗಿ ಕುಸಿಯುತ್ತದೆ. ಅದರಾಚೆಗೆ ಏನಿದೆಯೋ ಗೊತ್ತಿಲ್ಲ. ನೋಡುತ್ತಿರುವುದಂತೂ ಕುಸಿಯುವುದಿಲ್ಲ, ಅದು ಅಲ್ಲೇ ಇರುತ್ತದೆ. ಇದನ್ನು ಸ್ವಾಮಿಗಳಿಗೆ ಹೇಳಿಲ್ಲ. ಒಪ್ಪಿಸಬೇಡ ಎಂದಿದ್ದಾರಲ್ಲ.

ಜುಲೈ ೩

ಬಸ್ಸಿನಲ್ಲಿ ವಾರ್ತೆ ಹಾಕಿದ್ದರು. ಹೊಸ ಹುಡುಗಿ ಓದುತ್ತಿದ್ದಳು. ಚೆನ್ನಾಗಿಯೇ ಓದುತ್ತಾಳೆ. ಯಾರೂ ತಲೆಯೆತ್ತಲಿಲ್ಲ. ಹಿಂದಿನವರು ಎಲ್ಲಿ ಹೋದರು ಎಂದು ಒಬ್ಬರಾದರೂ ಕೇಳಬಾರದೆ? ಎರಡು ಸ್ಟಾಪು ಮುಂಚೆಯೇ ಇಳಿದು ನಡೆದೆ.

ಸ್ವಾಮಿಗಳ ಅಂಗೈ ಮೇಲೆ ಬರೆದೆ: "ಎಲ್ಲರೂ ನನ್ನಲ್ಲಿ ಇಲ್ಲದ್ದನ್ನೇ ನೋಡುತ್ತಾರೆ. ನಾನೂ."

"ಹಾಗಾದ್ರೆ ಕೇಳು," ಎಂದರು. "ನಿನ್ನ ದನಿ ಹೇಗಿತ್ತೋ ನನಗೆ ಗೊತ್ತಿಲ್ಲ. ನಿನ್ನ ಮುಖಾನೂ ಗೊತ್ತಿಲ್ಲ. ಮೆಟ್ಟಿಲ ಮೇಲೆ ನಿನ್ನ ಹೆಜ್ಜೆ ಗೊತ್ತು, ಈ ಬೆರಳು ಗೊತ್ತು. ನೀನು ನನ್ನ ಹತ್ರ ಬಂದಿದ್ದೇ ಹೀಗೆ. ನನ್ನ ಪಾಲಿಗೆ ನಿನ್ನಲ್ಲಿ ಏನೂ ಕಮ್ಮಿ ಇಲ್ಲ."

ಇಳಿಯುವಾಗ ಮೆಟ್ಟಿಲ ನಡುವೆ ಗೋಡೆ ಹಿಡಿದು ನಿಲ್ಲಬೇಕಾಯಿತು. ನನ್ನ ಅಳುವಿಗೂ ಸದ್ದಿಲ್ಲ ಈಗ. ಕುತ್ತಿಗೆಯ ಬಟ್ಟೆ ಪಟಪಟ ಹಾರುತ್ತದೆ, ಅಷ್ಟೆ. ಬ್ಯಾಟರಿ ಅಂಗಡಿಯವನು ಒಂದು ಲೋಟ ನೀರು ತಂದುಕೊಟ್ಟ. ಕಿರುಚಲಿಲ್ಲ.

ಜುಲೈ ೬

ಇವಳು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಸಂಜೆ ಬಂದವಳು ಈರುಳ್ಳಿ ಹೆಚ್ಚುತ್ತಾ ಒಬ್ಬಳೇ ಮಾತಾಡಿಕೊಳ್ಳುತ್ತಿದ್ದಳು. ಹೋಗಿ ಅಡುಗೆಮನೆಯ ಮಣೆಯ ಮೇಲೆ ಕೂತೆ. ಹೆಡ್‌ಮಾಸ್ತರರು ಇಡೀ ಸಭೆಯಲ್ಲಿ ಕನ್ನಡಕ ಹುಡುಕಿದ್ದು, ಅದು ಅವರ ತಲೆಯ ಮೇಲೇ ಇದ್ದದ್ದು, ಹೇಳಲು ಯಾರಿಗೂ ಧೈರ್ಯ ಸಾಲದ್ದು. ಅವರು ತಡವರಿಸುವುದನ್ನು ಇವಳು ಎಷ್ಟು ಚೆನ್ನಾಗಿ ಮಾಡಿ ತೋರಿಸುತ್ತಾಳೆ! ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಸದ್ದಿಲ್ಲದ ನಗು ನೋಡಿ ಅವಳಿಗೆ ಮೊದಲು ಗಾಬರಿ, ಆಮೇಲೆ ಅವಳೂ ನಕ್ಕಳು.

ಇವತ್ತು ಬೇರೇನೂ ವಿಶೇಷವಿಲ್ಲ.

ಜುಲೈ ೧೦

ಅಕ್ಕನ ಫೋನು. ಅಮ್ಮ ಅನ್ನ ಬಿಟ್ಟಿದ್ದಾಳೆ. "ಇನ್ನು ತಡ ಮಾಡಿದ್ರೆ ಬಂದೂ ಪ್ರಯೋಜನ ಇಲ್ಲ," ಎಂದಳು.

ಮಧ್ಯಾಹ್ನ ಸ್ವಾಮಿಗಳ ಬಳಿಗೆ ಓಡಿದೆ. "ಅಮ್ಮನಿಗೆ ಓದಲು ಬರುವುದಿಲ್ಲ. ಕಣ್ಣೂ ಇಲ್ಲ. ದನಿಯೊಂದೇ ಗುರುತು. ಹೇಗೆ ಹೋಗಲಿ? ಗುರುತು ಹಿಡಿಯದಿದ್ದರೆ?"

ಇಷ್ಟುದ್ದ ಬರೆದರೂ ಅವರು ನಗಲಿಲ್ಲ.

"ಅವಳು ನಿನ್ನನ್ನ ಗುರುತು ಹಿಡೀಲಿ ಅಂತ ಹೋಗ್ತೀಯೋ, ಅವಳನ್ನ ನೋಡೋಕೆ ಹೋಗ್ತೀಯೋ?"

ಮತ್ತೆ ಬರೆದೆ: "ಗುರುತು ಹಿಡಿಯದಿದ್ದರೆ?"

"ಗುರುತು ಹಿಡಿಯದಿದ್ರೆ ನೋವಾಗುತ್ತೆ. ಆಗಲ್ಲ ಅಂತ ನಾನು ಸುಳ್ಳು ಹೇಳಲ್ಲ. ಹೋಗು."

ಜುಲೈ ೧೧

ಅಕ್ಕ ಬಾಗಿಲಲ್ಲೇ ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ತುಂಬಾ ಇಳಿದುಹೋಗಿದ್ದೇನೆ, ಗಡ್ಡವೂ ಬೆಳೆದಿದೆ. ಒಳಗಿನಿಂದ ನನ್ನ ದನಿ ಕೇಳುತ್ತಿತ್ತು. ಎಲ್ಲೋ ಪ್ರವಾಹ ಇಳಿಮುಖ, ಸಂತ್ರಸ್ತರ ಸ್ಥಳಾಂತರ. ಎಷ್ಟು ಗಟ್ಟಿಯಾದ, ಎಷ್ಟು ನಿಶ್ಚಿಂತ ದನಿ. ಆ ಮನುಷ್ಯನಿಗೆ ಏನೂ ಗೊತ್ತಿಲ್ಲ ಅನ್ನಿಸಿತು.

ಅಮ್ಮನ ಹಾಸಿಗೆಯ ಪಕ್ಕ ಕೂತು ಅವಳ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಂಡು, ಬೆರಳನ್ನು ತುಟಿಗಿಟ್ಟಳು.

"ಶ್! ನನ್ನ ಮಗ ಓದ್ತಿದಾನೆ."

ಮುಗಿಯುವವರೆಗೆ ಕಾದೆ. ಹವಾಮಾನವೂ ಮುಗಿಯಿತು. ಅಕ್ಕ ತಡೆಯಲಾರದೆ, "ಅಮ್ಮಾ, ಇವನೇ ಕಣೇ ನಿನ್ನ ಮಗ! ನೋಡಿಲ್ಲಿ, ಬಂದಿದಾನೆ," ಎಂದಳು.

ಅಮ್ಮ ನನ್ನ ಕಡೆ ಮುಖ ಮಾಡಿದಳು. ಮಂಜುಗಣ್ಣು ನನ್ನ ಮೇಲೆ ಓಡಾಡಿತು. "ಎಲ್ಲಿ, ಮಾತಾಡಪ್ಪ," ಎಂದಳು.

ಬಾಯಿ ತೆರೆದೆ. ತುಟಿ "ಅಮ್ಮ" ಎಂದಿತು. ಕುತ್ತಿಗೆಯ ತೂತಿನಿಂದ ಗಾಳಿ ಬಂತು.

ಅಮ್ಮ ನಕ್ಕಳು. "ಹುಚ್ಚಿ ನೀನು. ಈಗ ತಾನೆ ಅಲ್ಲಿ ಓದ್ತಿದ್ದೋನು ಇಲ್ಲಿಗೆ ಹೇಗೆ ಬರ್ತಾನೆ? ಯಾರಪ್ಪಾ ನೀನು? ನರ್ಸಮ್ಮನ ಕಡೆಯವನಾ?"

ಅಕ್ಕ ಎದ್ದು ಹೋಗಿ, ವಾರ್ತೆ ಹಾಕುವ ಆ ಡಬ್ಬಿಯನ್ನು ನೆಲಕ್ಕೆ ಬಡಿಯಲು ಎತ್ತಿದಳು. ನಾನು ಅವಳ ಕೈ ಹಿಡಿದೆ. ಯಾಕೆ ಹಿಡಿದೆನೋ ತಿಳಿಯದು. ಅಮ್ಮನಿಗೆ ಉಳಿದಿರುವ ಮಗ ಅದೊಂದೇ ಅನ್ನಿಸಿತು.

ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತೆ. ಸ್ವಾಮಿಗಳು ಹೇಳಿದ್ದ ನೋವು ಬಂತು.

ಜುಲೈ ೧೩

ಮಗ್ಗುಲು ಬದಲಿಸುವುದು, ಬೆನ್ನು ಒರೆಸುವುದು, ಗಂಜಿ ಚಮಚದಲ್ಲಿ ಹಾಕುವುದು. ಅಕ್ಕನ ಸೊಂಟ ಬಿದ್ದುಹೋಗಿದೆ, ನಾನೇ ಎಲ್ಲ ಮಾಡುತ್ತೇನೆ. ಅಮ್ಮ ನನ್ನನ್ನು "ಮೂಗಪ್ಪ" ಎಂದು ಕರೆಯುತ್ತಾಳೆ. ಕರೆದರೆ ಹೋಗುತ್ತೇನೆ.

ಜುಲೈ ೧೮

"ಈ ಮೂಗಪ್ಪ ಒಳ್ಳೆಯವನು ಕಣೇ," ಎಂದು ಅಕ್ಕನಿಗೆ ಹೇಳುತ್ತಿದ್ದಳು. "ಕೈ ಹಗುರ. ನಿನ್ನ ಹಾಗೆ ಒಂದಕ್ಕೆ ಹತ್ತು ಮಾತಿಲ್ಲ." ಅಕ್ಕ ಅಳುತ್ತಲೇ ನಕ್ಕಳು. ಅನ್ನ ಬಿಟ್ಟವಳು ನನ್ನ ಕೈಯಲ್ಲಿ ಅರ್ಧ ಬಟ್ಟಲು ಗಂಜಿ ಕುಡಿದಳು. ಅವಳ ಕೂದಲು ಬಾಚಿದೆ. ಎಷ್ಟು ಮೆತ್ತಗಾಗಿದೆ.

ಬೆಳಿಗ್ಗೆ ಅವಳು ಕೇಳುವ ಮುಂಚೆಯೇ ನಾನೇ ರೇಡಿಯೋ ಹಾಕುತ್ತೇನೆ. ಅವಳು ಕೇಳುತ್ತಾಳೆ, ನಾನು ಅವಳನ್ನು ನೋಡುತ್ತೇನೆ. ಇವತ್ತು ಏನು ಓದಿದನೋ ಗಮನಿಸಲೇ ಇಲ್ಲ.

ಜುಲೈ ೨೪

ಮಧ್ಯಾಹ್ನ ಅಕ್ಕ ಔಷಧಿ ತರಲು ಹೋಗಿದ್ದಳು. ಅಮ್ಮನ ಕಾಲು ಒತ್ತುತ್ತಿದ್ದೆ. ತುಂಬಾ ಸ್ಪಷ್ಟವಾದ ದನಿಯಲ್ಲಿ ಕರೆದಳು. "ಮೂಗಪ್ಪಾ, ಹತ್ರ ಬಾ."

ಹೋದೆ.

"ನನ್ನ ಮಗ ಬರ್ತಾನೆ. ಅಷ್ಟೊತ್ತಿಗೆ ನಾನು ಇರ್ತೀನೋ ಇಲ್ವೋ. ನೀನು ಅವನಿಗೆ ಒಂದು ಮಾತು ಹೇಳಬೇಕು. ಹೇಳೋಕೆ ಬರಲ್ಲ ನಿನಗೆ, ಗೊತ್ತು. ಹೇಗೋ ತಿಳಿಸು."

ಅವಳ ಕೈಯನ್ನು ಹಿಡಿದುಕೊಂಡು ಒಮ್ಮೆ ಒತ್ತಿದೆ.

"ಅವನು ಚಿಕ್ಕೋನಿದ್ದಾಗ ಮಾತು ಬರೋದು ತಡವಾಯ್ತು. ತುಂಬಾನೇ ತಡವಾಯ್ತು. ಜನ ಎಲ್ಲ ಮೂಗ ಅಂದ್ರು. ನಮ್ಮತ್ತೆ ದೇವರಿಗೆ ಹರಕೆ ಹೊತ್ರು. ನಾನು ಹೊರಲಿಲ್ಲ. ನನಗೆ ಒಂದು ದಿನಾನೂ ಕಷ್ಟ ಆಗ್ಲಿಲ್ಲ. ಅವನು ನೋಡಿದ್ರೆ ಸಾಕು, ಹಸಿವೋ ನಿದ್ದೆಯೋ ನನಗೆ ಗೊತ್ತಾಗ್ತಿತ್ತು. ಮಾತು ಬಂದ್ಮೇಲೆ ಊರೋರ ಮಗ ಆದ. ಊರಿಗೆಲ್ಲ ಸುದ್ದಿ ಹೇಳ್ದ, ಅವನ ಸುದ್ದಿ ಒಂದು ದಿನಾನೂ ಹೇಳ್ಲಿಲ್ಲ." ಉಸಿರು ತೆಗೆದುಕೊಂಡಳು. "ಬೇಜಾರಿಲ್ಲ ಅಂತ ಹೇಳು. ಮಾತು ಬರೋಕೆ ಮುಂಚೆ ಇದ್ನಲ್ಲ, ಅವನು ನನ್ನೋನೇ. ಅವನು ಎಲ್ಲೂ ಹೋಗಿಲ್ಲ. ಇಷ್ಟು ತಿಳಿಸು."

ಆಮೇಲೆ ಅವಳ ಕೈ ನನ್ನ ತಲೆಯ ಮೇಲೆ ಬಂತು. ನನ್ನ ಗಡ್ಡಕ್ಕೆ, ಕುತ್ತಿಗೆಯ ಬಟ್ಟೆಗೆ ಬಂದು ನಿಂತಿತು. "ಒದ್ದೆಯಾಗಿದೆ, ಬದಲಾಯಿಸ್ಕೋ," ಎಂದು ಕಣ್ಣು ಮುಚ್ಚಿದಳು.

ಬದಲಾಯಿಸಿಕೊಂಡು ಬಂದು ಮತ್ತೆ ಕಾಲು ಒತ್ತಿದೆ.

ಜುಲೈ ೨೭

ಬೆಳಿಗ್ಗೆ ವಾರ್ತೆಯ ಹೊತ್ತಿಗೆ ಅಮ್ಮ ಹೋದಳು. ಇವಳೂ ಬಂದಿದ್ದಳು. ನಾವು ಮೂವರೂ ಹತ್ತಿರವೇ ಇದ್ದೆವು.

ಜುಲೈ ೩೧

ಅಕ್ಕ ಜಗಳ ತೆಗೆದಳು. "ನಾನು ಆ ಡಬ್ಬಿ ಒಡೆದು, ಇನ್ನೊಂದ್ಸಲ ಗಟ್ಟಿಯಾಗಿ ಹೇಳಿದ್ರೆ ನಂಬ್ತಿದ್ಲು. ನೀನೇ ತಡೆದೆ. ಮಗನ್ನ ನೋಡ್ದೇ ಹೋದ್ಲಲ್ಲೋ, ನಿನಗೆ ಏನೂ ಅನ್ನಿಸಲ್ವಾ?"

ಸ್ಲೇಟು ತೆಗೆದುಕೊಂಡೆ. ಏನು ಬರೆದರೂ ಅವಳ ಸಂಕಟ ಕಮ್ಮಿಯಾಗುವ ಹಾಗಿರಲಿಲ್ಲ. ಸ್ಲೇಟು ಕೆಳಗಿಟ್ಟು ಅವಳ ಪಕ್ಕ ಹೋಗಿ ಕೂತೆ. ಅವಳು ನನ್ನ ಭುಜಕ್ಕೆ ಒಂದು ಗುದ್ದು ಗುದ್ದಿ, ಅಲ್ಲೇ ತಲೆಯಿಟ್ಟು ಅತ್ತಳು. ಅವಳ ಅಳುವಿಗೆ ದನಿಯಿತ್ತು. ಅದನ್ನು ಕೇಳುತ್ತಾ ಕೂತೆ.

ಆಗಸ್ಟ್ ೮

ಸ್ವಾಮಿಗಳ ಬಳಿಗೆ ಹೋದೆ. ಹೆಜ್ಜೆ ಕೇಳಿ "ಬಾ" ಎಂದರು. ಅಂಗೈ ಮೇಲೆ "ಅಮ್ಮ ಹೋದಳು" ಎಂದು ಬರೆದೆ.

ಆತ್ಮಕ್ಕೆ ಸಾವಿಲ್ಲ ಎನ್ನುವರೇನೋ ಎಂದುಕೊಂಡಿದ್ದೆ. "ಕೊನೆಗೆ ಏನಾದ್ರೂ ತಿಂತಿದ್ಲಾ?" ಎಂದು ಕೇಳಿದರು, ಪಕ್ಕದ ಮನೆಯವರು ಕೇಳುವ ಹಾಗೆ. "ನೋವಿತ್ತಾ?"

"ಸ್ವಲ್ಪ."

"ಗುರುತು ಹಿಡಿದ್ಲಾ?"

"ಗೊತ್ತಿಲ್ಲ."

ಅವರು ತಲೆಯಾಡಿಸಿದರು. "ಏನಾದ್ರೂ ಹೇಳಿದ್ಲಾ?" ಎಂದರು.

ಅಮ್ಮ ಮಗನಿಗೆ ತಿಳಿಸು ಎಂದದ್ದನ್ನೆಲ್ಲ ಬರೆದೆ. ಒಂದೊಂದೇ ಅಕ್ಷರ, ಒತ್ತಕ್ಷರಗಳನ್ನು ನಿಧಾನವಾಗಿ. ತುಂಬಾ ಹೊತ್ತು ಹಿಡಿಯಿತು. ಕೆಳಗೆ ಅಂಗಡಿಯವನು ಯಾರ ಜೊತೆಗೋ ಚೌಕಾಸಿ ಮಾಡುತ್ತಿದ್ದ. ಕಚಗುಳಿ ಎಂದು ಸ್ವಾಮಿಗಳು ಹೇಳಲಿಲ್ಲ. ಕೊನೆಯ ಅಕ್ಷರ ಆದಮೇಲೆ ಅವರು ಮುಷ್ಟಿ ಮುಚ್ಚಿ ಎದೆಗೆ ಹಿಡಿದುಕೊಂಡರು.

"ನಾನು ಮನೆ ಬಿಟ್ಟ ದಿನ ನಮ್ಮಮ್ಮ ಹಿತ್ತಲಲ್ಲಿ ಬಟ್ಟೆ ಒಗೀತಿದ್ಲು," ಎಂದರು. "ಹೇಳಿ ಬರಲಿಲ್ಲ. ಹೇಳಿದ್ರೆ ಬಿಡ್ತಿರಲಿಲ್ಲ. ಅವಳು ಹೋದ ಸುದ್ದಿ ನನಗೆ ತಲುಪಿದ್ದು ಎಷ್ಟೋ ವರ್ಷ ಆದ್ಮೇಲೆ. ಏನಾದ್ರೂ ಹೇಳಿದ್ಲಾ ಅಂತ ಕೇಳೋಣ ಅಂದ್ರೆ, ಅಲ್ಲಿ ಯಾರೂ ಉಳಿದಿರಲಿಲ್ಲ."

ಕಾಣದ ಆ ಕಣ್ಣುಗಳಲ್ಲಿ ನೀರು ಬರುವುದನ್ನು ನಾನು ಮೊದಲ ಸಲ ನೋಡಿದೆ. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಮುಷ್ಟಿ ಬಿಚ್ಚಿ, ಅಂಗೈಯನ್ನು ಮತ್ತೆ ನನ್ನ ಮುಂದೆ ಚಾಚಿದರು.

"ಇನ್ನೊಂದ್ಸಲ ಬರಿಯಪ್ಪ."

ಬರೆದೆ.